ಹಳೇ ಸಾಮಾನು ಕೊಡ್ರಪ್ಪ

ಮಾಗಡಿ ಕಡೆಯಿಂದ ಹೋಗಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನೆಲೆಸಿದ ಒಂದು ಕನ್ನಡ ಸಂಸಾರದ ಗ್ಯಾರೇಜಿನೊಳಗೆ ಕಾರಿಗೆ ಪ್ರವೇಶವಿಲ್ಲ. ಅಲ್ಲಿ ಕಾಸ್ಟ್‌ಕೋ ಅಕ್ಕಿ ಮೂಟೆ, ಊರಿಂದ ತಂದ ಸೂಟ್‌ಕೇಸುಗಳು, ಕನ್ನಡ ಕೂಟದ ಗಣೇಶನ ಹಬ್ಬಕ್ಕೆ ಮಾಡಿದ ಥರ್ಮೋಕೋಲ್ ಮಂಟಪ, ಯಾರೋ ಊರಿಗೆ ವಾಪಸಾಗುವಾಗ ಹೊರಿಸಿಹೋದ ಟ್ರೆಡ್‌ಮಿಲ್. 35,000 ಡಾಲರಿನ ಕಾರು ಬೀದಿಯಲ್ಲಿ ಇಬ್ಬನಿ ಕುಡಿಯುತ್ತ ನಿಲ್ಲುತ್ತದೆ, ಅಕ್ಕಿ ಒಳಗೆ ಬೆಚ್ಚಗಿರುತ್ತದೆ. ಈ ಮನೆಯೊಂದನ್ನೇ ದೂರಬೇಕಿಲ್ಲ. ಬೇ ಏರಿಯಾದಲ್ಲಿ ನಮ್ಮವರ ಮನೆ ಯಾವುದೆಂದು ಹೊರಗೆ ನಿಂತ ಕಾರೇ ಹೇಳುತ್ತದೆ.

ಒಂದು ಬೆಳಿಗ್ಗೆ ಕಾರಿನ ‘ಚೆಕ್ ಎಂಜಿನ್’ ದೀಪ ಹತ್ತಿಕೊಂಡಿತು. 3 ವರ್ಷ ಅಥವಾ 36,000 ಮೈಲಿಯ ವಾರಂಟಿ ಇನ್ನೂ ಮುಗಿದಿರಲಿಲ್ಲ. ಮಗ ನಿಶ್ಚಿಂತೆಯಿಂದ ಡೀಲರ್ ಹತ್ತಿರ ಗಾಡಿ ಬಿಟ್ಟು ಬಂದ. ಮಧ್ಯಾಹ್ನ ಸರ್ವಿಸ್ ಅಡ್ವೈಸರ್ ಜೇನಿನಂಥ ದನಿಯಲ್ಲಿ ಫೋನ್ ಮಾಡಿದ: ಎಂಜಿನ್ನಿನ ವೈರಿಂಗ್ ಇಲಿ ಕಡಿದಿದೆ, ಇಲಿ ವಾರಂಟಿಯೊಳಗೆ ಬರುವುದಿಲ್ಲ. ಕಾರಿನೊಳಗೆ ಮಾತ್ರ ಬರುತ್ತದೆ ಎಂದಾಯಿತು.

ಹಾಗೆ ನೋಡಿದರೆ ಆತ ಹೇಳಿದ್ದು ಸುಳ್ಳಲ್ಲ. ವಾರಂಟಿ ಇರುವುದು ಕಂಪನಿಯ ತಪ್ಪಿಗೆ, ಇಲಿಯ ತಪ್ಪಿಗಲ್ಲ. ಇಲಿಯ ಖರ್ಚನ್ನು ಕಾಂಪ್ರಹೆನ್ಸಿವ್ ಇನ್ಶೂರೆನ್ಸ್ ಕೊಡುತ್ತದೆ, ಆದರೆ ಮೊದಲ 500 ಅಥವಾ 1,000 ಡಾಲರ್ ಸಾಮಾನ್ಯವಾಗಿ ನಮ್ಮ ಜೇಬಿನದು. ವೈರಿನ ಹೊದಿಕೆಯಲ್ಲಿ ಸೋಯಾ ಅಂಶ ಇರುವುದರಿಂದಲೇ ಇಲಿಗಳಿಗೆ ಅದು ರುಚಿಸುತ್ತದೆ ಎಂದು 2016ರಲ್ಲಿ ಟೊಯೋಟ ವಿರುದ್ಧ ಕ್ಯಾಲಿಫೋರ್ನಿಯಾದಲ್ಲಿ ಗ್ರಾಹಕರು ದಾವೆಯನ್ನೇ ಹೂಡಿದ್ದರು. ಇಲಿ ಎಲ್ಲ ಕಂಪನಿಯ ಕಾರನ್ನೂ ಕಡಿಯುತ್ತದೆ ಎಂಬುದು ಎದುರು ವಾದ. ಹೋಂಡಾದವರು ಮೆಣಸಿನಕಾಯಿಯ ಖಾರದ ಸತ್ವ ಸವರಿದ ಒಂದು ಟೇಪನ್ನೇ ಮಾರುತ್ತಾರೆ, ಮೇಲೆ ಪುಟ್ಟ ಇಲಿಗಳ ಚಿತ್ರ ಬೇರೆ. ಆರು ತಿಂಗಳಿಗೆಂದು ಬಂದಿದ್ದ ಅಪ್ಪ ಇದನ್ನು ಕೇಳಿ, “ಮೆಣಸಿನ್ಪುಡಿ ಹಚ್ಚೋಕೆ ಜಪಾನ್‌ನೋರು ಬರ್ಬೇಕಿತ್ತೇನ್ಲಾ?” ಎಂದರು.

ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಮಾಗಡಿಯಿಂದ ಸಲಹೆಗಳು ಹರಿದುಬಂದವು. ಸೋದರಮಾವನ ಪ್ರಕಾರ ನೇರ ಗ್ರಾಹಕರ ಆಯೋಗಕ್ಕೆ ಹೋಗಬೇಕು. 2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯಂತೆ ವಾಸವಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಎಲ್ಲ ಸರಿ. ಆದರೆ ಮಾಗಡಿ ಇರುವ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟ ಮೇಲೂ ಅದರ ಗಡಿ ಫ್ರೀಮಾಂಟ್‌ವರೆಗೆ ಬೆಳೆದಿರಲಿಲ್ಲ.

ಮರುದಿನ ಇಡೀ ಸಂಸಾರ ಡೀಲರ್ ಹತ್ತಿರ ಹೊರಟಿತು. ಮೊದಲ ಪ್ರಶ್ನೆ: ಆಯಿಲ್ ಎಲ್ಲಿ ಬದಲಾಯಿಸಿದಿರಿ? ಮಗ ಬೆವೆತ, ಕೂಪನ್ ಸಿಕ್ಕ ಕಡೆಯೆಲ್ಲ ಬದಲಾಯಿಸಿದ್ದವನು ಅವನು. ಚನ್ನಪಟ್ಟಣದ ಸೊಸೆ ಮಾತಾಡದೆ ಫೈಲು ತೆರೆದಳು. ಎಲ್ಲ ರಸೀದಿ ತಾರೀಖಿನ ಪ್ರಕಾರ ಚುಚ್ಚಿಟ್ಟಿದ್ದಳು. ಮ್ಯಾಗ್ನುಸನ್-ಮಾಸ್ ಎಂಬ 1975ರ ಕಾನೂನಿನಂತೆ, ಹೊರಗೆ ಆಯಿಲ್ ಹಾಕಿಸಿದ ಮಾತ್ರಕ್ಕೆ ವಾರಂಟಿ ಸಾಯುವುದಿಲ್ಲ; ಅದರಿಂದಲೇ ಕೆಟ್ಟಿತೆಂದು ತೋರಿಸುವ ಭಾರ ಕಂಪನಿಯದು. ಆಯಿಲ್‌ನ ಮಾತು ಅಲ್ಲಿಗೇ ಮುಗಿಯಿತು.

ಮಗನೂ ಒಂದು ಮುಂಜಾಗ್ರತೆ ಮಾಡಿದ್ದ. ಒಳಗೆ ಹೋಗುವ ಮೊದಲೇ, ಅಲ್ಲಿ ನಿಂತಿದ್ದ ಕಾರಿನ ಡ್ಯಾಶ್‌ಬೋರ್ಡಿನ ಮೇಲಿದ್ದ ಚನ್ನಪಟ್ಟಣದ ಮರದ ಗಣೇಶನನ್ನು ತೆಗೆದು ಜೇಬಿನಲ್ಲಿಟ್ಟುಕೊಂಡಿದ್ದ. ಗಣೇಶನ ಕಾಲ ಬಳಿ ಇಲಿಯಿತ್ತು, ಎದುರು ಪಕ್ಷಕ್ಕೆ ಸಾಕ್ಷಿ ಯಾಕೆ ಒದಗಿಸಬೇಕು?

ಇನ್ನು ದುಡ್ಡು ಕಟ್ಟುವುದೇ ಎಂದು ಅವನು ವರ್ಕ್ ಆರ್ಡರಿಗೆ ಸಹಿ ಹಾಕಲು ಪೆನ್ನು ಹಿಡಿದಾಗ ಅಪ್ಪ, “ಹಳೇ ಸಾಮಾನು ವಾಪಸ್ ಕೊಡ್ಬೇಕು ಅಂತ ಬರ್ಸು,” ಎಂದರು. ಮಗನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮಾಗಡಿಯ ಗ್ಯಾರೇಜಿನಲ್ಲಿ ಬೇರಿಂಗ್ ಬದಲಾಯಿಸಿದರೆ ಹಳೆಯದನ್ನು ಪೇಪರಿನಲ್ಲಿ ಸುತ್ತಿ ಕೈಗೆ ಕೊಡಬೇಕು, ಕೊಡದಿದ್ದರೆ ಬದಲಾಯಿಸಿಯೇ ಇಲ್ಲ ಎಂದು ಲೆಕ್ಕ. ಆದರೆ ಇದು ಅಮೆರಿಕ, ಕಾಫಿ ಮಷೀನ್ ಇರುವ ಜಾಗ. “ಅಪ್ಪ, ಇಲ್ಲೆಲ್ಲ ಹಾಗೆ ಕೇಳಲ್ಲ.”

ಬೇಸರದಿಂದ ಗೋಡೆ ನೋಡುತ್ತ ಕೂತಿದ್ದ ಮೊಮ್ಮಗಳು ಅಲ್ಲಿದ್ದ ಬೋರ್ಡನ್ನು ಗಟ್ಟಿಯಾಗಿ ಓದತೊಡಗಿದಳು. ಕ್ಯಾಲಿಫೋರ್ನಿಯಾದ ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್ ಪ್ರತಿ ರಿಪೇರಿ ಅಂಗಡಿಯೂ ತೂಗುಹಾಕಲೇಬೇಕೆಂದು ವಿಧಿಸಿದ ಬೋರ್ಡು ಅದು. ಗ್ರಾಹಕನ ಹಕ್ಕುಗಳಲ್ಲಿ ಒಂದು, ಕೆಲಸ ಒಪ್ಪಿಸುವಾಗ ಕೇಳಿದರೆ ಬದಲಾಯಿಸಿದ ಹಳೆಯ ಭಾಗಗಳನ್ನು ಹಿಂದಿರುಗಿಸಬೇಕು ಎಂಬುದು. ವಾರಂಟಿಯಲ್ಲಿ ಕಂಪನಿಗೆ ವಾಪಸ್ ಹೋಗಬೇಕಾದ ಸಾಮಾನಿಗೆ ವಿನಾಯಿತಿ ಉಂಟು. ಅದನ್ನೂ ಗ್ರಾಹಕ ಬಯಸಿದರೆ ತೋರಿಸಬೇಕು. ವಾರಂಟಿ ಇಲ್ಲ ಎಂದಮೇಲೆ ಸಾಮಾನು ಯಾರದು? ಅಡ್ವೈಸರ್ ತೆಪ್ಪಗೆ ಬರೆದುಕೊಂಡ. ಅಪ್ಪ ಇಂಗ್ಲಿಷ್ ಬಾರದೆಯೂ ರಾಜ್ಯದ ಕಾನೂನನ್ನು ಸರಿಯಾಗಿಯೇ ಹೇಳಿದ್ದರು.

ಎರಡು ದಿನದ ನಂತರ ಪ್ಲಾಸ್ಟಿಕ್ ಚೀಲದಲ್ಲಿ ವೈರಿನ ಕಂತೆ ಸಿಕ್ಕಿತು. ಅಪ್ಪ ಅದನ್ನು ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ರೀಲರು ಹಿಡಿ ಗೂಡು ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿ ನೋಡುವ ಗಾಂಭೀರ್ಯದಲ್ಲಿ ಪರೀಕ್ಷಿಸಿದರು. ಅವರು ರೇಷ್ಮೆಹುಳು ಸಾಕಿದವರು. ಗೂಡು ಕಟ್ಟಲು ಚಂದ್ರಿಕೆಗೆ ಹುಳು ಬಿಟ್ಟ ಮೇಲೆ ಇಲಿಯೊಂದಿಗೆ ರಾತ್ರಿಯೆಲ್ಲ ಯುದ್ಧ ಮಾಡಿದ ಅನುಭವ ಅವರದು. ಇಲಿ ಕಡಿದರೆ ಜೋಡಿ ಹಲ್ಲಿನ ಗೆರೆ ಬೀಳುತ್ತದೆ, ಅಂಚು ಚೂರುಚೂರಾಗುತ್ತದೆ, ಹತ್ತಿರದಲ್ಲೆಲ್ಲೋ ಹಿಕ್ಕೆ ಇರುತ್ತದೆ. ಈ ವೈರು ಒಂದೇ ಮಗ್ಗುಲಿಗೆ ನುಣ್ಣಗೆ ಸವೆದು ಚಪ್ಪಟೆಯಾಗಿತ್ತು, ಒಳಗಿನ ತಾಮ್ರ ಫಳಫಳ ಹೊಳೆಯುತ್ತಿತ್ತು.

“ಇದು ಉಜ್ಜಿರೋದು ಕಣ್ಲಾ. ಯಾವ ಇಲಿ ಹಿಂಗೆ ಉಪ್ಪುಕಾಗದ ಹಾಕಿ ತಿಕ್ತದೆ? ಬಾನೆಟ್ ತೆಗ್ಸು.”

ಬಾನೆಟ್ ತೆರೆಸಿದರು. ವೈರು ಹಾದುಹೋಗುವ ಕಡೆ ಕಬ್ಬಿಣದ ಬ್ರಾಕೆಟ್ಟಿನ ಅಂಚಿನಲ್ಲಿ ಬಣ್ಣ ಕಿತ್ತುಹೋಗಿತ್ತು. ಪಕ್ಕದಲ್ಲಿ ಕ್ಲಿಪ್ ಕೂರಬೇಕಾದ ತೂತು ಖಾಲಿ. ಸೊಸೆ ಫೋಟೋ ಹೊಡೆದಳು, ಸವೆದ ಜಾಗವನ್ನು ಅಂಚಿಗೆ ಹೊಂದಿಸಿ ಇನ್ನೊಂದು ಹೊಡೆದಳು. ಸರ್ವಿಸ್ ಮ್ಯಾನೇಜರ್ ಬಂದ, ಬಗ್ಗಿ ನೋಡಿದ, ಟೆಕ್ನಿಷಿಯನ್ ಮುಖ ನೋಡಿದ, ಫೋನ್ ಮಾಡಿ ಬರುತ್ತೇನೆಂದು ಒಳಗೆ ಹೋದ.

ಹೊರಗೆ ಬರುವಾಗ ಅವನ ಮುಖದಲ್ಲಿ ಔದಾರ್ಯ ತುಂಬಿತ್ತು. ಕಂಪನಿ ‘ಗುಡ್‌ವಿಲ್’ ಮೇಲೆ ಬಿಡಿಭಾಗ, ಕೂಲಿ ಎರಡನ್ನೂ ಕೊಡುತ್ತದಂತೆ. ಇಲಿಯ ಹೆಸರು ಕಾಗದದಿಂದ ಮಾಯವಾಗಿತ್ತು, ಕ್ಲಿಪ್ಪಿನದು ಬಂದಿರಲಿಲ್ಲ. ಡಯಾಗ್ನೋಸಿಸ್ ಫೀಸು ಮಾತ್ರ ಉಳಿದಿತ್ತು. ತಪ್ಪಾದ ಕಾಯಿಲೆ ಹೇಳಿದ್ದಕ್ಕೆ ಡಾಕ್ಟರ ಫೀಸು.

ಮಗ ಕಾರ್ಡು ತೆಗೆಯುವಷ್ಟರಲ್ಲಿ ಅಡ್ವೈಸರ್ ನಗುತ್ತ, ಕಂಪನಿಯಿಂದ ಸರ್ವೇ ಬರುತ್ತದೆ, ದಯವಿಟ್ಟು ಹತ್ತಕ್ಕೆ ಹತ್ತು ಕೊಡಿ, ಒಂಬತ್ತು ಕೊಟ್ಟರೂ ನಾನು ಫೇಲಾದ ಹಾಗೆ ಎಂದು ಬೇಡಿಕೊಂಡ. ಏನಂತಾನೆ ಎಂದು ಕೇಳಿ ತಿಳಿದುಕೊಂಡ ಅಪ್ಪ, ಕೌಂಟರಿನ ಮೇಲೆ ಎರಡೂ ಕೈ ಊರಿದರು.

“ಫೀಸು ಬಿಟ್ರೆ ಹತ್ತು. ಬಿಡ್ದಿದ್ರೆ ಎಂಟೂವರೆ ಅಂತ ಹೇಳು, ಒಂಬತ್ತಕ್ಕೆ ಅವನೇ ಬತ್ತಾನೆ.”