ಬಾಲ್ಕನಿಗೆ ಬಂದ ಒರೆಗಾನೊ

ಪಿಜ್ಜಾ ಜೊತೆ ಬರುವ ಒರೆಗಾನೊ ಪೊಟ್ಟಣಗಳನ್ನು ಡಬ್ಬಿಯಲ್ಲಿ ಕೂಡಿಡುವ ನಮ್ಮಂಥವರ ಮನೆಗೆ ಈಗ ಗಿಡವೇ ಬಂದು ಕೂತಿದೆ. ಮೆಡಿಟರೇನಿಯನ್ ಕಡೆಯ ಕಲ್ಲುಗುಡ್ಡದ ಜೀವ. ಬಿಸಿಲು ಬೇಕು, ಉಪಚಾರ ಬೇಡ. ದಿನಾ ಚೊಂಬುಗಟ್ಟಲೆ ನೀರು ಸುರಿಯುವ ಪ್ರೀತಿಯ ಕೈಗೆ ಸಿಕ್ಕರೆ ಬೇರು ಕೊಳೆತು ಪ್ರಾಣ ಬಿಡುತ್ತದೆ. ಕುಂಡದ ಮಣ್ಣಿಗೆ ಒಂದಿಷ್ಟು ಮರಳು ಬೆರೆಸಿ, ಮೇಲ್ಮಣ್ಣು ಒಣಗಿದ ಮೇಲೆ ನೀರು ಕೊಟ್ಟರಾಯಿತು. ಹೂ ಬಿಡುವ ಮುಂಚೆ ಕುಡಿ ಚಿವುಟಿ ನೆರಳಲ್ಲಿ ಒಣಗಿಸಿದರೆ, ಹಸಿ ಎಲೆಗಿಂತ ಘಮ ಜೋರು.

ಅತ್ತೆ ಎಲೆ ಉಜ್ಜಿ ಮೂಸಿ, "ಇದು ನಮ್ಮ ದೊಡ್ಡಪತ್ರೆಯ ಬಡಕಲು ತಂಗಿ ಕಣೇ" ಎಂದುಬಿಟ್ಟರು. ಸುಳ್ಳಲ್ಲ. ಎರಡೂ ತುಳಸಿಯ ಕುಟುಂಬದವೇ; ಎರಡರ ಘಾಟಿಗೂ ಬಹುಮಟ್ಟಿಗೆ ಕಾರ್ವಕ್ರಾಲ್ ಎಂಬ ತೈಲಾಂಶವೇ ಕಾರಣ. ನೆಂಟಸ್ತಿಕೆ ಗೊತ್ತಾದದ್ದೇ ತಡ, ಒರೆಗಾನೊ ಅವಲಕ್ಕಿ ಒಗ್ಗರಣೆಗೂ ಬಿತ್ತು, ಬಜ್ಜಿ ಹಿಟ್ಟಿಗೂ ಇಳಿಯಿತು. (ಪಿಜ್ಜಾ ಮಾಡುವ ಮಾತು ಇನ್ನೂ ಮಾತಾಗಿಯೇ ಇದೆ.) ಟೊಮೆಟೊ ಗೊಜ್ಜಿಗೆ ಒಲೆ ಆರಿಸುವ ಮುಂಚೆ ನಾಲ್ಕು ಹಸಿ ಎಲೆ ಹಾಕಿ ನೋಡಿ, ಚೆನ್ನಾಗಿ ಒಪ್ಪುತ್ತದೆ. ತಂಬುಳಿಗೆ ಮಾತ್ರ ಬೇಡ. ಅಲ್ಲಿ ದೊಡ್ಡಪತ್ರೆಯೇ ಸರಿ.