ಯಾರಪ್ಪ ನೀನು, ಕಾಗದ ತೋರ್ಸು

ಭಾತಂಬ್ರಾದಲ್ಲಿ ಹುಟ್ಟಿದ ಹುಡುಗನಿಗೆ ರನ್‌ಟೈಮ್ ಟೈಪ್ ಚೆಕ್ ಅಂದರೇನೆಂದು ಯಾವ ಲೆಕ್ಚರರೂ ಹೇಳಿಕೊಡಬೇಕಾಗಿಲ್ಲ. ಸಂವಿಧಾನದ 98ನೇ ತಿದ್ದುಪಡಿಯಿಂದ ಈ ಸೀಮೆಗೆ 371(ಜೆ) ವಿಧಿ ಬಂತು, ನೌಕರಿಯಲ್ಲಿ, ಸೀಟಿನಲ್ಲಿ ಪಾಲು ಬಂತು. ಬರಲೇಬೇಕಿತ್ತು. ಬೆನ್ನಿಗೇ ಅರ್ಹತಾ ಪ್ರಮಾಣಪತ್ರವೂ ಬಂತು. ಇಲ್ಲೇ ಹುಟ್ಟಿದೆಯಾ? ಅಪ್ಪ ಎಲ್ಲಿಯವರು? 2013ರ ಜನವರಿ 1ಕ್ಕೆ ಮೊದಲು 10 ವರ್ಷ ಇಲ್ಲೇ ಇದ್ದರಾ? 2019ರಲ್ಲಿ ಸೀಮೆಯ ಹೆಸರು ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಕ್ಲಾಸಿನ ಹೆಸರು ಬದಲಾಯಿತು, ಕೌಂಟರ್ ಮಾತ್ರ ಅದೇ.

“ಎಲ್ಲಿಯವ ಇದ್ದಿ?”

“ಭಾತಂಬ್ರಾ ರೀ. ಭಾಲ್ಕಿ ತಾಲೂಕು.”

“ಅದಕ್ಕ ಕಾಗದ ಏನದ?”

“ಪಹಣಿ ಅದ, ರೇಷನ್ ಕಾರ್ಡ್ ಅದ, ಸಾಲಿ ದಾಖಲಾ ಅದ, ಆಧಾರ್ ಅದ. ಎಲ್ಲಾ ನಿಮ್ಮ ಸರ್ಕಾರನೇ ಕೊಟ್ಟಿದ್ದು ರೀ.”

“ಅವು ಬ್ಯಾರೆ. ಇದು ಬ್ಯಾರೆ.”

ಸರ್ಕಾರಕ್ಕೆ ಈ ಹುಡುಗ ಯಾರೆಂದು ಗೊತ್ತಿಲ್ಲವೆಂದಲ್ಲ. ನಾಲ್ಕು ಕಡೆ ಗೊತ್ತಿದೆ. ಗೊತ್ತಿದ್ದದ್ದನ್ನು ಕಪಾಟಿಗೆ ಹಾಕಿ ಬೀಗ ಜಡಿದು, ಎದುರು ನಿಂತವನನ್ನು ಮತ್ತೆ ಹೊಸದಾಗಿ ಕೇಳುವುದಕ್ಕೆ ಆಡಳಿತ ಎನ್ನುತ್ತಾರೆ. ಇದನ್ನೇ ಜಾವಾದಲ್ಲಿ ಮಾಡಿದರೆ ಡೌನ್‌ಕಾಸ್ಟಿಂಗ್.

ವಿಟಿಯು ಜಾವಾ ಲ್ಯಾಬಿನಲ್ಲಿ ಒಂದು ಮುದ್ದಾದ ಪ್ರೋಗ್ರಾಂ ಇದೆ. ಶೇಪ್ ಎಂಬ ಕ್ಲಾಸು, ಅದಕ್ಕೆ ಸರ್ಕಲ್, ಟ್ರಯಾಂಗಲ್, ಸ್ಕ್ವೇರ್ ಎಂಬ ಮೂರು ಮಕ್ಕಳು. ಎಲ್ಲರಿಗೂ ಡ್ರಾ, ಇರೇಸ್ ಎಂಬ ಎರಡೇ ಕೆಲಸ. ‘ಡ್ರಾ’ ಎಂದರೆ ಸಾಕು, ಸರ್ಕಲ್ ತನ್ನ ವೃತ್ತ ಬರೆದುಕೊಳ್ಳುತ್ತದೆ, ಸ್ಕ್ವೇರ್ ತನ್ನ ಚೌಕ. ನೀನು ಯಾರು, ಎಲ್ಲಿಯವನು ಎಂದು ಯಾರೂ ವಿಚಾರಿಸುವುದಿಲ್ಲ. ಬಂದವರನ್ನು ಯಾರವನೆಂದು ಕೇಳಬೇಡಿ ಎಂದು ಬಸವಣ್ಣನವರು ಹೇಳಿದ ನಾಡು ನಮ್ಮದು. ಎಂಟು ಶತಮಾನ ಕಳೆದ ಮೇಲೆ ಅದು ಪಾಲಿಮಾರ್ಫಿಸಂ ಎಂಬ ಹೆಸರಿನಲ್ಲಿ ಸಿಲೆಬಸ್ಸಿಗೆ ಬಂದಿದೆ. ವೈವಾದಲ್ಲಿ ಅರ್ಥ ಹೇಳಿದವನಿಗೆ ಅಂಕ ಸಿಗುತ್ತದೆ. ಕಂಪನಿಯಲ್ಲಿ ಪಾಲಿಸಹೊರಟವನಿಗೆ “ಡೆಡ್‌ಲೈನ್ ಇದೆ, ಪ್ರವಚನ ಬೇಡ” ಎಂಬ ಉತ್ತರ ಸಿಗುತ್ತದೆ.

ನಮ್ಮ ಹುಡುಗ ಬೆಂಗಳೂರಿನ ಒಂದು ಕಂಪನಿಗೆ ಸೇರಿ ಕೋಡು ತೆರೆದು ನೋಡಿದರೆ, ಒಳಗೆ ಅದೇ ಗುಮಾಸ್ತ ಕೂತಿದ್ದಾನೆ! ಹಣ ಪಾವತಿಯ ಫೈಲು. ಮೇಲಿನ ಹಂತದಲ್ಲಿ ಇದು ಯುಪಿಐ, ಇದು ಕಾರ್ಡು ಎಂದು ಸ್ಪಷ್ಟವಾಗಿ ಗೊತ್ತಿತ್ತು. ಅಲ್ಲಿದ್ದ ಮಹಾಶಯ ಎಲ್ಲವನ್ನೂ ‘ಆಬ್ಜೆಕ್ಟ್’ ಎಂಬ ಒಂದೇ ಲಿಸ್ಟಿಗೆ ತುಂಬಿ ಕಳಿಸಿದ್ದ. ಕೆಳಗಿನವನು ಒಂದೊಂದನ್ನೇ ಎತ್ತಿ ವಿಚಾರಣೆ ನಡೆಸುತ್ತಾನೆ: ನೀನು ಕಾರ್ಡಾ? ಅಲ್ಲವಾ, ಹಾಗಾದರೆ ಯುಪಿಐಯಾ? ಅದೂ ಅಲ್ಲವಾ, ವ್ಯಾಲೆಟ್ಟಾ? ಕೊನೆಯಲ್ಲೊಂದು ಖಾಲಿ ಎಲ್ಸ್, ಅದರೊಳಗೆ ಒಂದು ಕಾಮೆಂಟು: ‘ಇಲ್ಲಿಗೆ ಯಾರೂ ಬರುವುದಿಲ್ಲ.’ ಮುಂದೆ ಇಎಂಐ ಎಂಬ ಹೊಸ ಬಗೆ ಸೇರಿತು. ಅದು ನೇರ ಅಲ್ಲಿಗೇ ಬಂತು. ದೋಷವಿಲ್ಲ, ದೂರಿಲ್ಲ, ದುಡ್ಡೂ ಇಲ್ಲ.

ಡೌನ್‌ಕಾಸ್ಟ್ ಎಂದರೆ ಒಂದು ಅಫಿಡವಿಟ್. ಶೇಪ್ ಎಂದು ಬಂದದ್ದರ ಮುಂದೆ ಬ್ರಾಕೆಟ್ ಹಾಕಿ ಸರ್ಕಲ್ ಎಂದು ಬರೆದರೆ ಒಳಗಿನ ವಸ್ತುವಿನ ಕೂದಲೂ ಕೊಂಕುವುದಿಲ್ಲ. ಅದರ ಬಗ್ಗೆ ನಾವು ಕೊಟ್ಟ ಹೇಳಿಕೆ ಮಾತ್ರ ಬದಲಾಗುತ್ತದೆ. ಕಂಪೈಲರ್ ನೋಟರಿಯ ಹಾಗೆ ವಂಶವೃಕ್ಷದಲ್ಲಿ ಇಂಥ ಸಂಬಂಧ ಸಾಧ್ಯವೇ ಎಂದಷ್ಟೇ ನೋಡಿ ಠಸ್ಸೆ ಒತ್ತುತ್ತಾನೆ. ಹೇಳಿಕೆ ಸುಳ್ಳಾದರೆ ಪ್ರೋಗ್ರಾಂ ಓಡುವಾಗ ಕ್ಲಾಸ್‌ಕಾಸ್ಟ್‌ಎಕ್ಸೆಪ್ಷನ್ ಬೀಳುತ್ತದೆ, ಸಾಮಾನ್ಯವಾಗಿ ಅಫಿಡವಿಟ್ ಬರೆದವನು ರಜೆಯಲ್ಲಿ ಇರುವಾಗ. ಸಿ ಪ್ಲಸ್ ಪ್ಲಸ್‌ನಲ್ಲಿ ಇದಕ್ಕೆ ಎರಡು ದಾರಿ. ಡೈನಮಿಕ್ ಕಾಸ್ಟ್ ಸರದಿಯಲ್ಲಿ ನಿಲ್ಲಿಸಿ ವಿಚಾರಿಸುತ್ತದೆ. ಪಾಯಿಂಟರ್ ಆದರೆ ಬರಿಗೈಯಲ್ಲಿ ಕಳಿಸುತ್ತದೆ, ರೆಫರೆನ್ಸ್ ಆದರೆ ಗಲಾಟೆ ಎಬ್ಬಿಸುತ್ತದೆ. ಸ್ಟ್ಯಾಟಿಕ್ ಕಾಸ್ಟ್ ಏಜೆಂಟರ ದಾರಿ: ವಿಚಾರಣೆ ಇಲ್ಲ, ಕೆಲಸ ಬೇಗ, ಸುಳ್ಳಾಗಿದ್ದರೆ ಮುಂದೇನು ಎಂಬುದಕ್ಕೆ ಭಾಷೆಯ ಮಾನದಂಡವೇ ಕೈಚೆಲ್ಲಿದೆ.

ಇನ್ನು ‘ನಲ್’ ಮಹಾಶಯನ ವಿಷಯ. ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ 1965ರಲ್ಲಿ ಹುಟ್ಟಿಸಿ, 2009ರಲ್ಲಿ ಶತಕೋಟಿ ಡಾಲರಿನ ತಪ್ಪು ಎಂದು ಕೈಮುಗಿದರು. ಜಾವಾದಲ್ಲಿ ಇವನನ್ನು ನೀನು ಸರ್ಕಲ್ಲಾ ಎಂದು ಕೇಳಿ, ಅಲ್ಲ ಎನ್ನುತ್ತದೆ. ಸ್ಕ್ವೇರಾ? ಅಲ್ಲ. ಆದರೆ ಕೇಳದೆ ಕಾಸ್ಟ್ ಮಾಡಿ ನೋಡಿ, ಸರ್ಕಲ್ ಆಗಿಯೂ ಒಳಗೆ ಬಿಡುತ್ತದೆ, ಸ್ಕ್ವೇರ್ ಆಗಿಯೂ ಬಿಡುತ್ತದೆ! ಅರ್ಜಿ ಇಲ್ಲ, ಹೆಸರಿಲ್ಲ, ಸಾಹೇಬರ ಚೇಂಬರಿಗೆ ನೇರ ಪ್ರವೇಶ. ಇಂಥವರು ಪ್ರತಿ ದಫ್ತರದಲ್ಲೂ ಇಬ್ಬರಾದರೂ ಇರುತ್ತಾರೆ. ಕೆಲಸ ಹೇಳಿದಾಗಲೇ ಗೊತ್ತಾಗುವುದು ಅಲ್ಲಿ ಮನುಷ್ಯನೇ ಇಲ್ಲವೆಂದು.

ಕೇಳುವ ಚಟ ಹೊಸದೇನಲ್ಲ. ನಾರ್ವೆಯ ಡಾಲ್ ಮತ್ತು ನ್ಯೂಗಾರ್ಡ್ ಕಟ್ಟಿದ ಸಿಮುಲಾ 67ರಲ್ಲೇ ವಸ್ತುವಿನ ಕ್ಲಾಸು ವಿಚಾರಿಸುವ ವ್ಯವಸ್ಥೆ ಇತ್ತು. ಹೊರಗಿನಿಂದ ಬಂದ ಡೇಟಾವನ್ನು ಬಾಗಿಲಲ್ಲಿ ಒಮ್ಮೆ ವಿಚಾರಿಸುವುದು ನ್ಯಾಯವೇ. ಈಕ್ವಲ್ಸ್ ಮೆಥಡ್ಡಿಗೂ ಬೇರೆ ಗತಿಯಿಲ್ಲ. ಒಳಗೆ ಬಂದ ಮೇಲೂ ಟೇಬಲ್ ಟೇಬಲ್ಲಿಗೆ ನಿಲ್ಲಿಸಿ ಕೇಳುವುದು ರೋಗ. ಜಾವಾದಲ್ಲಂತೂ 2021ರ 16ನೇ ಆವೃತ್ತಿಯವರೆಗೆ ಸರ್ಕಲ್ಲಾ ಎಂದು ಕೇಳಿ, ಹೌದೆಂದ ಮೇಲೂ ಮುಂದಿನ ಸಾಲಿನಲ್ಲಿ ಸರ್ಕಲ್, ಸರ್ಕಲ್ ಎಂದು ಮತ್ತೆರಡು ಸಲ ಬರೆಯಬೇಕಿತ್ತು. ಮೂರು ಪ್ರತಿ, ಮೂರಕ್ಕೂ ದೃಢೀಕರಣ.

ಈಗ ಮದ್ದು ಬಂದಿದೆ. 17ನೇ ಆವೃತ್ತಿಯ ಸೀಲ್ಡ್ ಕ್ಲಾಸಿನಲ್ಲಿ ಮಕ್ಕಳು ಇಷ್ಟೇ ಎಂದು ಮೊದಲೇ ಘೋಷಿಸಬಹುದು. 2023ರ 21ನೇ ಆವೃತ್ತಿಯ ಸ್ವಿಚ್ಚಿನಲ್ಲಿ ಅವರಲ್ಲಿ ಒಬ್ಬರನ್ನು ಮರೆತರೂ ಕಂಪೈಲರ್ ಅಲ್ಲೇ ತಡೆಯುತ್ತದೆ. ಹುಡುಗ ಹುರುಪಿನಿಂದ ಇಡೀ ಫೈಲನ್ನು ಹಾಗೆ ತಿದ್ದಿ ಬರೆದ. ಇಎಂಐ ಬಿಟ್ಟುಹೋಗಿತ್ತು, ಕಂಪೈಲರ್ ಹೇಳಬೇಕಾದ್ದನ್ನೇ ಹೇಳಿತು, ಬಿಲ್ಡ್ ಕೆಂಪಾಯಿತು. ಸೀನಿಯರ್ ಸಾಹೇಬರು ಕುರ್ಚಿ ಎಳೆದುಕೊಂಡು ಬಂದು, ಕೊನೆಗೊಂದು ಡಿಫಾಲ್ಟ್ ಸೇರಿಸಿ, ಕಂಪೈಲರಿನ ಬಾಯಿ ಮುಚ್ಚಿಸಿದರು. ಬಿಲ್ಡ್ ಹಸಿರಾಯಿತು.

“ನೋಡಪ್ಪ,” ಎಂದರು, “ಅನುಭವ ಅಂದ್ರೆ ಇದು.”