ಕಾಫಿಯ ಮುಹೂರ್ತ

ಬೆಂಗಳೂರಿಗೆ ಹೊಸದಾಗಿ ಬಂದು ನೆಲಸಿದವರು ಬಾಡಿಗೆಯ ಮನೆ, ಕುಡಿಯುವ ನೀರು, ಮಕ್ಕಳ ಶಾಲೆ ಎಂಬ ಚಿಂತೆಗಳು ತಕ್ಕಮಟ್ಟಿಗೆ ಶಮನಗೊಂಡ ಮೇಲೆ, ನೆರೆಯವರೊಡನೆ ಸ್ವಲ್ಪ ಸಲಿಗೆ ಬೆಳೆದ ಯಾವುದೋ ಒಂದು ಸಾಯಂಕಾಲ, “ಇಲ್ಲಿ ಒಳ್ಳೆಯ ಕಾಫಿ ಎಲ್ಲಿ ಸಿಗುತ್ತದೆ?” ಎಂದು ಕೇಳುವುದುಂಟು. ಪ್ರಶ್ನೆ ನಿರುಪದ್ರವಿಯಾಗಿ ಕಾಣುತ್ತದೆ. ಆದರೆ ದ್ವೈತಾದ್ವೈತಗಳ ವಿಚಾರದಲ್ಲಿ ಪರಮಸಹಿಷ್ಣುಗಳೂ, ಆಸ್ತಿಯ ವ್ಯಾಜ್ಯಗಳಲ್ಲಿ ಕೂಡ ಮೃದುಭಾಷಿಗಳೂ ಆದ ಸದ್ಗೃಹಸ್ಥರು, ತಾವು ತಾರುಣ್ಯದಿಂದ ಹೋಗುತ್ತಿರುವ ಹೋಟೆಲಿನ ಕಾಫಿಗಿಂತ ಮತ್ತೊಂದು ಬಡಾವಣೆಯ ಹೋಟೆಲಿನ ಕಾಫಿ ಶ್ರೇಷ್ಠವೆಂಬ ಮಾತು ಕಿವಿಗೆ ಬಿದ್ದೊಡನೆ ಹೆಗಲ ಮೇಲಿನ ವಸ್ತ್ರವನ್ನು ಕೊಡವಿ ಎದ್ದು ನಿಲ್ಲುವುದನ್ನು ಕಣ್ಣಾರೆ ಕಂಡಿರುವ ನಾನು, ಆ ಪ್ರಶ್ನೆಯನ್ನು ಸಭೆಯಲ್ಲಿ ಕೇಳಬಾರದವುಗಳ ಸಾಲಿಗೆ ಸೇರಿಸಿದ್ದೇನೆ. ವಯಸ್ಸು, ಸಂಬಳ, ಕಾಫಿ ಇವನ್ನು ಏಕಾಂತದಲ್ಲಿಯೇ ವಿಚಾರಿಸಬೇಕು.

ಉತ್ತರ ಹೇಳುವವರದೇನೂ ತಪ್ಪಿಲ್ಲ. ನಮ್ಮ ಊರಿನಲ್ಲಿ ಕಾಫಿಗೆ ವಂಶಾವಳಿಯುಂಟು, ಸ್ಥಳಪುರಾಣವುಂಟು. ಯಜ್ಞನಾರಾಯಣ ಮಯ್ಯರು ಸೋದರರೊಡಗೂಡಿ 1924ರಲ್ಲಿ ಆರಂಭಿಸಿದ ಮಾವಳ್ಳಿ ಟಿಫಿನ್ ರೂಮಿನಲ್ಲಿ ಬೆಳ್ಳಿಯ ಲೋಟವನ್ನು ತುಟಿಗೆ ಮುಟ್ಟಿಸಿದ ಅಜ್ಜಂದಿರ ಮೊಮ್ಮಕ್ಕಳು, ಆ ಲೋಟ ತಮ್ಮ ಮನೆಯದೇ ಎಂಬಷ್ಟು ಅಭಿಮಾನದಿಂದ ಅದರ ಸುದ್ದಿ ಹೇಳುತ್ತಾರೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು. ಅದಕ್ಕೆ ಶುಕ್ರವಾರ ರಜೆಯೆಂಬುದನ್ನು ಬಸವನಗುಡಿಯವರು ಏಕಾದಶಿಗಿಂತಲೂ ಚೆನ್ನಾಗಿ ನೆನಪಿಟ್ಟುಕೊಂಡಿರುತ್ತಾರೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ನಡೆಯುತ್ತ ಬಂದಿದ್ದು, ಹೆಸರಿನಲ್ಲಿ ಕಾಫಿಯನ್ನಿಟ್ಟುಕೊಂಡೂ ಚಟ್ನಿಯಿಂದ ಲೋಕವಿಖ್ಯಾತವಾದ ವೈಚಿತ್ರ್ಯಕ್ಕೆ ನಿದರ್ಶನವಾಗಿ ನಿಂತಿದೆ. ಇನ್ನು ಇಂಡಿಯಾ ಕಾಫಿ ಹೌಸ್. ಕಾಫಿ ಮಂಡಳಿ ತನ್ನ ಕಾಫಿಗೃಹಗಳನ್ನು ಮುಚ್ಚಲು ಹೊರಟಾಗ, ಕೆಲಸ ಕಳೆದುಕೊಳ್ಳಲಿದ್ದ ನೌಕರರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಸಹಕಾರ ಸಂಘಗಳನ್ನು ಕಟ್ಟಿಕೊಂಡರಷ್ಟೆ. ಅಂಥ ಮೊದಲ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲಿಯೇ, 1957ರಲ್ಲಿ. ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದ ಹಳೆಯ ಬಿಡಾರವನ್ನು 2009ರಲ್ಲಿ ತೊರೆದು ಚರ್ಚ್ ಸ್ಟ್ರೀಟಿಗೆ ಬಂದ ಮೇಲೆಯೂ ಅಲ್ಲಿಯ ಪರಿಚಾರಕರು ಬಿಳಿಯ ಸಮವಸ್ತ್ರ ತೊಟ್ಟು, ರುಮಾಲು ಸುತ್ತಿ ಬರುವ ಗಾಂಭೀರ್ಯಕ್ಕೆ ಕುಂದು ಬರಲಿಲ್ಲ. ಆಸ್ಥಾನದಿಂದ ನೇರವಾಗಿ ನಡೆದುಬಂದಂತಿರುವ ಆ ಮಹನೀಯರೆದುರು “ಸಕ್ಕರೆ ಸ್ವಲ್ಪ ಮುಂದೆ ಇರಲಿ” ಎನ್ನುವುದಕ್ಕೆ ನನಗೆ ಇಂದಿಗೂ ಧೈರ್ಯ ಸಾಲದು.

ಮಲ್ಲೇಶ್ವರದಲ್ಲಿ ನನಗೊಬ್ಬ ಮಿತ್ರರಿದ್ದಾರೆ. ದಕ್ಷಿಣ ಬೆಂಗಳೂರಿನ ಕಾಫಿಯ ವಿಷಯದಲ್ಲಿ ಅವರ ಅಭಿಪ್ರಾಯ ಅತ್ಯಂತ ಖಚಿತವಾದುದು. “ನೀವು ಬಸವನಗುಡಿಯವರು ಕಾಫಿ ಕುಡಿಯೋದಿಲ್ಲ ಸ್ವಾಮಿ, ಅಭ್ಯಾಸ ಪಾಲಿಸ್ತೀರಿ” ಎಂದು ಅವರು ದೂರವಾಣಿಯಲ್ಲಿ ಆಗಾಗ ಅಪ್ಪಣೆ ಕೊಡಿಸುತ್ತಾರೆ. ಅವರ ಬೀದಿಯ ತಿರುವಿನಲ್ಲೊಂದು ಅಂಗಡಿಯಿದೆಯಂತೆ. ಅಲ್ಲಿ ಒಂದು ಲೋಟ ಕುಡಿದವನು ಮತ್ತೆ ಲಾಲ್‌ಬಾಗಿನಿಂದ ದಕ್ಷಿಣಕ್ಕೆ ಮುಖ ಮಾಡಿ ಕಾಫಿ ಕುಡಿಯಲಾರನಂತೆ. ಮೋಖಾದಿಂದ ಏಳು ಕಾಫಿ ಬೀಜಗಳನ್ನು ಗುಟ್ಟಾಗಿ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂದು ಐತಿಹ್ಯವಿರುವ ಬಾಬಾಬುಡನ್ ಅವರಿಗೆ ಎದುರಾದದ್ದು ಕಡಲು ಮತ್ತು ಮರುಭೂಮಿಗಳು ಮಾತ್ರ, ಮೆಜೆಸ್ಟಿಕ್ಕಿನ ವಾಹನಸಮೂಹವಲ್ಲ. ನಮ್ಮ ಮೆಟ್ರೋ ಬಂದು, ನ್ಯಾಷನಲ್ ಕಾಲೇಜಿನ ನಿಲ್ದಾಣದಲ್ಲಿ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿಯುವುದು ಸಾಧ್ಯವಾದ ಮೇಲೆಯೇ ನಾನು ಆ ಯಾತ್ರೆಗೆ ಹೊರಟದ್ದು. ಸ್ನಾನ, ತಿಂಡಿ, ವೃತ್ತಪತ್ರಿಕೆ ಎಲ್ಲವನ್ನೂ ಕ್ರಮವಾಗಿ ಮುಗಿಸಿ ಮಿತ್ರರೊಡನೆ ಆ ಅಂಗಡಿಯ ಮುಂದೆ ನಿಂತಾಗ ಹನ್ನೊಂದು ಗಂಟೆ. ಕಾಫಿ ಬಂದಿತು, ಕುಡಿದೆವು. ಮಿತ್ರರ ಮುಖವನ್ನು ನಾನೂ, ನನ್ನ ಮುಖವನ್ನು ಅವರೂ ನೋಡದೆ ಕೆಲವು ಕ್ಷಣಗಳು ಕಳೆದವು. “ಬೆಳಗ್ಗೆ ಬರಬೇಕಿತ್ತು ನೀವು” ಎಂದರು ಕೊನೆಗೆ. ಮುಂದಿನ ತಿಂಗಳು ಅವರು ನಮ್ಮ ಕಡೆಗೆ ಬಂದು, ನಾನು ಹತ್ತು ಜನರೆದುರು ಹೊಗಳುತ್ತಿದ್ದ ಹೋಟೆಲಿನಲ್ಲಿ ಮಟಮಟ ಮಧ್ಯಾಹ್ನ ಲೋಟವನ್ನೆತ್ತಿ ಕೆಳಗಿಟ್ಟಾಗ, ಅದೇ ಮಾತನ್ನು ಅದೇ ಸ್ವರದಲ್ಲಿ ಹಿಂದಿರುಗಿಸುವ ಸರದಿ ನನ್ನದಾಯಿತು.

ವಿಜ್ಞಾನದ ಮಹತ್ತರ ಸತ್ಯಗಳು ದೊಡ್ಡವರ ಬಾಯಿಂದ ಬರಬೇಕೆಂಬ ನಿಯಮವೇನೂ ಇಲ್ಲ. ನನಗೆ ಈ ವಿಷಯದ ರಹಸ್ಯವನ್ನು ಬೋಧಿಸಿದವನು ಹನುಮಂತನಗರದ ಪಕ್ಕದ ಒಂದು ಸಣ್ಣ ದರ್ಶಿನಿಯಲ್ಲಿ ಕಾಫಿ ಬೆರೆಸುವ ಹುಡುಗ. ಟೋಕನ್ನನ್ನು ಅವನ ಮುಂದಿಟ್ಟೆ. ಅವನು ಅದನ್ನು ಮುಟ್ಟದೆ, ನನ್ನನ್ನೊಮ್ಮೆ ನೋಡಿ, ತಗ್ಗಿದ ದನಿಯಲ್ಲಿ, “ಹತ್ತು ನಿಮಿಷ ತಾಳ್ತೀರಾ ಸಾರ್? ಹೊಸ ಡಿಕಾಕ್ಷನ್ ಇಳೀತಿದೆ” ಎಂದ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಯಜಮಾನರ ಕಿವಿಗೆ ಬಿದ್ದಿದ್ದರೆ ಅವನ ಕೆಲಸಕ್ಕೇ ಕುತ್ತಾಗಬಹುದಾಗಿದ್ದ ಮಾತು ಅದು. ನಾನು ತಾಳಿದೆ. ಆ ಹತ್ತು ನಿಮಿಷಗಳಾದ ಮೇಲೆ ಅವನು ಕೊಟ್ಟ ಕಾಫಿಯ ವರ್ಣನೆಗೆ ತೊಡಗಿದರೆ ಈ ಪ್ರಬಂಧ ಚಂಪೂಕಾವ್ಯವಾಗಿಬಿಡುವ ಅಪಾಯವಿರುವುದರಿಂದ ಬಿಟ್ಟುಬಿಡುತ್ತೇನೆ. ಹೇಳಬೇಕಾದ ಸಂಗತಿಯಿಷ್ಟು: ನಾವೆಲ್ಲರೂ ಒಳ್ಳೆಯ ಕಾಫಿ ಎಲ್ಲಿ ಎಂದು ಇಡೀ ನಗರವನ್ನು ಶೋಧಿಸುತ್ತ ಅಲೆಯುತ್ತಿದ್ದೇವೆ, ಕೇಳಬೇಕಾದದ್ದು ಯಾವಾಗ ಎಂಬುದು.

ಇದರಲ್ಲಿ ನಿಗೂಢವೇನೂ ಇಲ್ಲ. ಹುರಿದ ಬೀಜದಲ್ಲಿ ಅಡಗಿರುವ ಪರಿಮಳ ಸ್ವಭಾವತಃ ಚಂಚಲವಾದುದು. ಬೀಜ ಪುಡಿಯಾದೊಡನೆ ಅದು ಮನೆ ಬಿಟ್ಟು ಹೊರಡಲು ಸಿದ್ಧವಾಗುತ್ತದೆ, ಬಿಸಿನೀರು ಬಿದ್ದೊಡನೆ ಹೊರಟೇಬಿಡುತ್ತದೆ. ಫಿಲ್ಟರಿನ ಮೇಲಿನ ಪಾತ್ರೆಯಿಂದ ಕೆಳಗಿನದಕ್ಕೆ ತೊಟ್ಟುತೊಟ್ಟಾಗಿ ಇಳಿದ ಮೊದಲ ಡಿಕಾಕ್ಷನ್ನಿನಲ್ಲಿ ಅದರ ಬಹುಭಾಗವನ್ನು ನಾವು ಹಿಡಿದುಕೊಂಡಿರುತ್ತೇವೆ, ನಿಜ. ಆದರೆ ಅದೇ ಡಿಕಾಕ್ಷನ್ನನ್ನು ಬಿಸಿಯಾಗಿಯೇ ಇಡಬೇಕೆಂಬ ಹಟದಿಂದ ಒಲೆಯ ಬದಿಯಲ್ಲಿ ಗಂಟೆಗಟ್ಟಲೆ ಕಾಯಿಸುತ್ತಿದ್ದರೆ ಪರಿಮಳ ಗಾಳಿಗೆ ಸಂದು, ಉಳಿದದ್ದು ಹುಳಿಯೂ ಕಹಿಯೂ ಆದ ಕರಿಯ ನೀರಾಗುತ್ತದೆ. ಬೆಳಗ್ಗೆ ಆರರಿಂದ ಒಂಬತ್ತರವರೆಗೆ ವಾಕಿಂಗಿನವರು, ಹಾಲಿನವರು, ಪತ್ರಿಕೆ ಹಂಚುವವರು, ಕಛೇರಿಗೆ ಓಡುವವರು ಒಬ್ಬರ ಮೇಲೊಬ್ಬರು ಬಂದು ಮುಗಿಬೀಳುವುದರಿಂದ ಡಿಕಾಕ್ಷನ್ನಿಗೆ ಮುದಿಯಾಗಲು ಪುರುಸೊತ್ತಿರುವುದಿಲ್ಲ; ಇಳಿದದ್ದು ಇಳಿದಂತೆ ಖರ್ಚಾಗುತ್ತದೆ. ಹತ್ತೂವರೆಯ ಮೇಲೆ ಜನಸಂದಣಿ ಕರಗುತ್ತದೆ, ಪಾತ್ರೆ ಕರಗುವುದಿಲ್ಲ. ಮತ್ತೆ ನಾಲ್ಕು ಗಂಟೆಗೆ ಸಾಯಂಕಾಲದ ಅಲೆ ಬರುವ ತನಕ ನಡುವಿನ ಅವಧಿಯೆಲ್ಲ ಕಾಫಿಯ ಪಾಲಿಗೆ ರಾಹುಕಾಲ. ಪಂಚಾಂಗದ ರಾಹುಕಾಲವಾದರೋ ದಿನಕ್ಕೆ ಒಂದೂವರೆ ಗಂಟೆ ಮಾತ್ರ, ಅದೂ ವಾರಕ್ಕೆ ತಕ್ಕಂತೆ ಜಾಗ ಬದಲಿಸಿ ಎಲ್ಲರಿಗೂ ನ್ಯಾಯ ಒದಗಿಸುತ್ತದೆ. ಇದರಲ್ಲಿ ಅಂಥ ದಾಕ್ಷಿಣ್ಯವಿಲ್ಲ.

ನಮ್ಮ ಹಿಂದಿನವರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಮನೆಯಲ್ಲಿ ಒಂದನೆಯ ಡಿಕಾಕ್ಷನ್, ಎರಡನೆಯ ಡಿಕಾಕ್ಷನ್ ಎಂಬ ವರ್ಗೀಕರಣ ಕಟ್ಟುನಿಟ್ಟಾಗಿ ನಡೆದುಬರುತ್ತಿದ್ದ ಕಾಲದಲ್ಲಿ, ಅತಿಥಿಯ ಯೋಗ್ಯತೆಯನ್ನು ಅಳೆಯುವುದಕ್ಕೆ ಅವನ ಲೋಟದೊಳಗೆ ಇಣಿಕಿದರೆ ಸಾಕಾಗಿತ್ತು. ಬೀಗರಿಗೂ ಮೇಷ್ಟರಿಗೂ ಒಂದನೆಯದು. ಸಾಲ ಕೇಳಲು ಬಂದ ದೂರದ ನಂಟನಿಗೆ ಎರಡನೆಯದು. ಹೆಣ್ಣು ನೋಡಲು ಬಂದವರಿಗೆ ಎರಡನೆಯದನ್ನು ಕೊಟ್ಟು ಸಂಬಂಧ ಮುರಿದುಹೋದ ಕಥೆಯನ್ನು ನಮ್ಮ ಸೋದರತ್ತೆ ಹೇಳುತ್ತಿದ್ದರು. ಅದು ನಿಜವೋ, ಅಥವಾ ಅಡುಗೆಯ ಮನೆಯ ಹೆಣ್ಣುಮಕ್ಕಳನ್ನು ಎಚ್ಚರದಲ್ಲಿಡಲು ಅವರು ಕಟ್ಟಿದ ನೀತಿಕಥೆಯೋ ಹೇಳಲಾರೆ. ಹೋಟೆಲಿನಲ್ಲಿ ಈ ತಾರತಮ್ಯಕ್ಕೆ ಆಸ್ಪದವಿಲ್ಲ. ಅಲ್ಲಿ ಸಾಲಗಾರನೂ ಬೀಗನೂ ಒಂದೇ ಕ್ಯೂ, ಭೇದವೆಣಿಸುವುದು ಗಡಿಯಾರವೊಂದೇ.

ಹಾಗಾದರೆ ಅಪರಿಚಿತ ಬಡಾವಣೆಯಲ್ಲಿ ಅಪರಿಚಿತ ಹೊತ್ತಿನಲ್ಲಿ ಕಾಫಿಯ ಹಂಬಲ ಹುಟ್ಟಿದವನ ಗತಿಯೇನು? ಅವನು ಫಲಕವನ್ನು ಓದಬಾರದು. ಫಲಕ ಬರೆಸಿದ ದಿನದ ಕಾಫಿಯನ್ನು ಅದು ಹೇಳುತ್ತದೆಯೇ ಹೊರತು ಇಂದಿನದನ್ನಲ್ಲ. ಕೌಂಟರಿನ ಬದಿಗೆ ನಿಂತು, ಯಾರನ್ನೋ ಕಾಯುತ್ತಿರುವವನ ಹಾಗೆ ನಟಿಸುತ್ತ, ಬೆರೆಸುವವನ ಕೈಯನ್ನು ನೋಡಬೇಕು. ಡಿಕಾಕ್ಷನ್ನನ್ನು ಲೋಟದ ತಳಕ್ಕೆ ಎಷ್ಟು ಬಿಡುತ್ತಾನೆ, ಹಾಲು ಆಗತಾನೆ ಉಕ್ಕಿದ್ದೋ ಕೆನೆಗಟ್ಟಿ ಕುಳಿತದ್ದೋ, ಎತ್ತರದಿಂದ ಸುರಿದು ನೊರೆ ಬರಿಸುವುದು ಕಾಫಿಯ ಮೇಲಿನ ಪ್ರೀತಿಯಿಂದಲೋ ಕಡಿಮೆ ಕಾಫಿಯನ್ನು ಲೋಟದ ಅಂಚಿಗೆ ಮುಟ್ಟಿಸುವ ಲೆಕ್ಕಾಚಾರದಿಂದಲೋ ಎಂಬುದೆಲ್ಲ ಬಲ್ಲವನ ಕಣ್ಣಿಗೆ ಬೀಳುತ್ತದೆ. ಕುಡಿದು ಕೆಳಗಿಟ್ಟ ಲೋಟಗಳನ್ನೂ ಉಪೇಕ್ಷಿಸಬಾರದು. ತಳದಲ್ಲಿ ಅರ್ಧ ಅಂಗುಲ ಉಳಿಸಿ ಹೋದವರ ಸಂಖ್ಯೆ ಹೆಚ್ಚಿದ್ದರೆ ನಾವೂ ಹೊರಡುವುದು ಕ್ಷೇಮ. ಆಟೋ ಚಾಲಕರು ಗುಂಪಾಗಿ ನಿಂತಿದ್ದರೆ ಮಾತ್ರ ಈ ಪರೀಕ್ಷೆಗಳನ್ನೆಲ್ಲ ಬಿಟ್ಟು ಸುಮ್ಮನೆ ಟೋಕನ್ ಕೊಳ್ಳಬಹುದು. ಇಡೀ ಊರನ್ನು ದಿನವೂ ಸುತ್ತಿ, ಎಲ್ಲಿ ಬೇಕಾದರೂ ನಿಲ್ಲಿಸುವ ಸ್ವಾತಂತ್ರ್ಯವಿದ್ದೂ ಅವರು ಇಲ್ಲಿಯೇ ಇದೇ ಹೊತ್ತಿಗೆ ನಿಲ್ಲಿಸಿದ್ದಾರೆ.

ಬೈಟು ಕಾಫಿಯ ಮಾತನ್ನೂ ಇಲ್ಲಿ ಹೇಳಿಬಿಡಬೇಕು. ಒಂದು ಕಾಫಿಯನ್ನು ಎರಡು ಲೋಟಗಳಿಗೆ ಹಂಚಿಕೊಳ್ಳುವ ಈ ಪದ್ಧತಿಯನ್ನು ಹೊರಗಿನವರು ಜಿಪುಣತನವೆಂದು ನಗುತ್ತಾರೆ. ಎರಡು ಅರ್ಧಗಳನ್ನು ಕೂಡಿಸಿದರೆ ಒಂದಕ್ಕಿಂತ ತುಸು ಹೆಚ್ಚಾಗುವ ಗಣಿತವನ್ನು ಯಾವ ದರ್ಶಿನಿಯಲ್ಲಿಯೂ ಪ್ರತ್ಯಕ್ಷ ನೋಡಬಹುದೆಂಬುದು ಹಾಗಿರಲಿ. ಹೊಸ ಅಂಗಡಿಯನ್ನು ಪರೀಕ್ಷಿಸುವವನಿಗೆ ಅದಕ್ಕಿಂತ ಮಿತವ್ಯಯದ ಉಪಕರಣ ಬೇರಿಲ್ಲ. ಅರ್ಧ ಲೋಟ ಕೆಟ್ಟ ಕಾಫಿಯನ್ನು ಯಾರು ಬೇಕಾದರೂ ಸಹಿಸಬಲ್ಲರು.

ಚಿಕೋರಿಯ ವಿಷಯ ಎತ್ತದೆ ಹೋದರೆ ಅರ್ಧ ಓದುಗರು ನನ್ನನ್ನು ಹೇಡಿಯೆಂದಾರು, ಎತ್ತಿದರೆ ಇನ್ನರ್ಧ ಜನ ಮುನಿದಾರು. ನೀಲಿಯ ಹೂ ಬಿಡುವ ಒಂದು ಗಿಡದ ಬೇರನ್ನು ಹುರಿದು ಪುಡಿಮಾಡಿದ್ದು ಅದು. ಬಣ್ಣ ಕೊಡುತ್ತದೆ, ಮಂದ ಕೊಡುತ್ತದೆ, ಕಾಫಿಯ ಚೈತನ್ಯವನ್ನು ಮಾತ್ರ ಕೊಡುವುದಿಲ್ಲ. ನೂರಕ್ಕೆ ನಲವತ್ತೊಂಬತ್ತರವರೆಗೆ ಬೆರೆಸಲು ಸರ್ಕಾರದ ಅನುಮತಿಯಿದೆ, ಎಂದರೆ ಬಹುಮತ ಕಾಫಿಯದೇ ಆಗಿರಬೇಕೆಂದು ಅರ್ಥ. ಹದಿನೈದು ಇಪ್ಪತ್ತರವರೆಗೆ ನನಗೆ ತಕರಾರಿಲ್ಲ. ಹಾಲು ಧಾರಾಳವಾಗಿ ಬೀಳುವ ನಮ್ಮ ಕಾಫಿಗೆ ಬೆನ್ನೆಲುಬು ಬೇಕು. ಮೂವತ್ತನ್ನು ದಾಟಿದವರೊಡನೆ ನಾನು ವಾದಿಸುವುದಿಲ್ಲ.

ಈಚಿನ ವರ್ಷಗಳಲ್ಲಿ ಇನ್ನೊಂದು ಜಾತಿಯ ಕಾಫಿಗೃಹಗಳು ಕೋರಮಂಗಲ, ಇಂದಿರಾನಗರಗಳಲ್ಲಿ ಹುಟ್ಟಿ ನಮ್ಮ ಜಯನಗರದ ವರೆಗೂ ಹಬ್ಬಿವೆ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತೆರೆದು, ಕಾಫಿಯ ಜೊತೆಗೆ ಇಂಟರ್ನೆಟ್ಟನ್ನೂ ಬಡಿಸಿದಾಗ ಹುಬ್ಬೇರಿಸಿದ್ದ ನಮ್ಮಂಥವರಿಗೆ, ಈಗಿನವು ಪ್ರಯೋಗಶಾಲೆಗಳಾಗಿಯೇ ಕಾಣುತ್ತವೆ. ಮಗಳು ಕರೆದೊಯ್ದಳೆಂದು ಒಂದಕ್ಕೆ ಹೋಗಿದ್ದೆ. ತೋಳಿನ ಮೇಲೆ ಹಚ್ಚೆಯ ನವಿಲಿದ್ದ ಯುವಕನೊಬ್ಬ ಪುಡಿಯನ್ನು ಅಕ್ಕಸಾಲಿಗನ ನಿಷ್ಠೆಯಿಂದ ತೂಗಿ, ನೀರಿನ ಉಷ್ಣತೆಯನ್ನು ಅಳೆದು, ಕಾಗದದ ಸೋಸಣಿಗೆಯ ಮೇಲೆ ಸುತ್ತುಸುತ್ತಾಗಿ ಹನಿಸುತ್ತ, “ಅಂಕಲ್, ಇದರಲ್ಲಿ ಕಿತ್ತಳೆ ಇದೆ, ಸ್ವಲ್ಪ ಬೆಲ್ಲ ಇದೆ, ಕೊನೇಲಿ ಮಲ್ಲಿಗೆ ಬರುತ್ತೆ” ಎಂದ. ಹಾಲಿಲ್ಲದ ಆ ತಿಳಿಯಾದ ಪಾನೀಯದಲ್ಲಿ ನನಗೆ ಕಿತ್ತಳೆ ಸಿಕ್ಕಿತು, ಬೆಲ್ಲವೂ ಸಿಕ್ಕಿತೆಂದು ನಂಬಿದೆ, ಮಲ್ಲಿಗೆಯನ್ನು ಕಾದು ಕುಳಿತಿದ್ದಾಗ ಬಿಲ್ಲು ಬಂದಿತು. ಆ ಮೊತ್ತಕ್ಕೆ ನಮ್ಮ ದರ್ಶಿನಿಯಲ್ಲಿ ಒಂದು ಸಣ್ಣ ಉಪನಯನದ ಮಂದಿಗೆ ಕಾಫಿ ಕೊಡಿಸಬಹುದಾಗಿತ್ತು.

ಆದರೂ ಆ ಯುವಕನನ್ನು ಹಾಸ್ಯ ಮಾಡಲಾರೆ. ಅಲ್ಲಿ ಮಾರಾಟಕ್ಕಿಟ್ಟಿದ್ದ ಪೊಟ್ಟಣಗಳನ್ನು ತಿರುಗಿಸಿ ನೋಡಿದೆ: ಬಾಬಾಬುಡನ್‌ಗಿರಿಯ ಯಾವ ತೋಟದ ಬೀಜ, ಯಾವ ತಳಿ ಎಂಬ ವಿವರಗಳ ಕೆಳಗೆ, ಹುರಿದ ದಿನಾಂಕವನ್ನು ಕೈಯಲ್ಲಿ ಬರೆದಿದ್ದರು. ಬೀಜ ಹುರಿದು ಎಷ್ಟು ದಿನವಾಯಿತೆಂದು ಗಿರಾಕಿಗೆ ತಿಳಿಯಬೇಕೆಂದು ಬಯಸುವವನು, ಹತ್ತು ನಿಮಿಷ ತಾಳಿ ಎಂದ ಹುಡುಗನ ಗೋತ್ರದವನೇ. ಕಾಲವನ್ನು ಮುಚ್ಚಿಡದವನ ಕಾಫಿ ಚೆನ್ನಾಗಿರುತ್ತದೆ, ಬೆಲೆ ಹದಿನೈದಾಗಲಿ ಮುನ್ನೂರಾಗಲಿ. ಗಾಂಧಿ ಬಜಾರಿನಲ್ಲಿಯೂ ಮಲ್ಲೇಶ್ವರದಲ್ಲಿಯೂ ಕಣ್ಣೆದುರಿಗೇ ಬೀಜ ಬೀಸಿ, ಬೆಚ್ಚಗಿನ ಪೊಟ್ಟಣವನ್ನು ಕೈಗಿಡುವ ಹಳೆಯ ಕಾಫಿಪುಡಿಯ ಅಂಗಡಿಯವರು ದಿನಾಂಕವನ್ನು ಬರೆಯದಿದ್ದರೆ ಅದು ಬರೆಯಬೇಕಾದ ಅಗತ್ಯವಿಲ್ಲದ್ದರಿಂದ.

ಮಲ್ಲೇಶ್ವರದ ಮಿತ್ರರೊಡನೆ ಈಗ ಒಪ್ಪಂದವಾಗಿದೆ. ಅವರು ನಮ್ಮ ಕಡೆಗೆ ಬರುವುದಾದರೆ ಬೆಳಗ್ಗೆ ಏಳರೊಳಗೆ, ನಾನು ಹೋಗುವುದಾದರೆ ಸಾಯಂಕಾಲ ನಾಲ್ಕೂವರೆಗೆ. ಯಾವ ಬಡಾವಣೆಯ ಕಾಫಿ ಮೇಲೆಂಬುದು ಮಾತ್ರ ಇತ್ಯರ್ಥವಾಗಿಲ್ಲ. ಈ ನಡುವೆ, ಓದುಗರಲ್ಲಿ ಯಾರಿಗಾದರೂ ಬೆಂಗಳೂರಿನ ಯಾವುದೇ ಮೂಲೆಯಲ್ಲಿ ಒಳ್ಳೆಯ ಕಾಫಿಯ ಅಂಗಡಿ ಗೊತ್ತಿದ್ದರೆ ದಯವಿಟ್ಟು ತಿಳಿಸಬೇಕಾಗಿ ಪ್ರಾರ್ಥಿಸುತ್ತೇನೆ. ಹೆಸರಿನ ಜೊತೆಗೆ ಹೊತ್ತನ್ನೂ ಬರೆದು ತಿಳಿಸಿರಿ. ಹೊತ್ತಿಲ್ಲದ ವಿಳಾಸಗಳು ನನ್ನಲ್ಲಿ ಬೇಕಾದಷ್ಟಿವೆ.